ನಿರ್ಜನವೆಂದು ಗುರುತಿಸಿದ ಹಾದಿ

2007ರ ನವೆಂಬರ್ 18, ಭಾನುವಾರ. ಬೆಳಿಗ್ಗೆ ಏಳೂಮುಕ್ಕಾಲರ ಹೊತ್ತಿಗೆ ಹಳೇಬೀಡು ಪೊಲೀಸ್ ಠಾಣೆಯ ಮುಂದೆ ಒಬ್ಬ ಸೈಕಲ್ ಸವಾರ ಬಂದು ಇಳಿದ. ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದ. ಅಂಗಿಯ ಎಡತೋಳು ರಕ್ತವಾಗಿತ್ತು. ರಕ್ತ ಅವನದಾಗಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಬೋರಯ್ಯ ಲೋಟದ ಕಾಫಿ ಕೆಳಗಿಟ್ಟರು.

"ಆಕ್ಸಿಡೆಂಟಾ?"

"ಅಲ್ಲ ಸಾರ್. ಯಾರೋ ದಾರಿಗೆ ಅಡ್ಡ ತಂತಿ ಕಟ್ಟಿದ್ರು. ನಮ್ಮ ಹುಡುಗನ ಕತ್ತಿಗೆ ಬಡೀತು."

"ಯಾವ ದಾರಿ?"

"ಅದಕ್ಕೆ ಹೆಸರಿಲ್ಲ ಸಾರ್. ನಕ್ಷೇಲಿ ತೋರಿಸ್ತೀನಿ."

ಆತನ ಹೆಸರು ನಟರಾಜ್. ಅರಸೀಕೆರೆಯ ಒಂದು ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕ. ಅವನೂ ಐದಾರು ಗೆಳೆಯರೂ ಭಾನುವಾರಗಳಂದು ಸೈಕಲ್ ತುಳಿಯುತ್ತಿದ್ದರು. ಒಂದು ವರ್ಷದಿಂದ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವಿನ ಗಾಡಿಜಾಡು, ಕಾಲುದಾರಿಗಳನ್ನೆಲ್ಲ ಜಿಪಿಎಸ್‌ನಿಂದ ಗುರುತಿಸಿ ನಕ್ಷೆ ಮಾಡುತ್ತಿದ್ದರು. ಜಿಪಿಎಸ್ ಎಂದರೆ ಅಂಗೈಯಷ್ಟು ದೊಡ್ಡ ಯಂತ್ರ. ಉಪಗ್ರಹಗಳಿಂದ ಸಂಕೇತ ಹಿಡಿದು, ತಾನು ಯಾವ ಹೊತ್ತಿನಲ್ಲಿ ಎಲ್ಲಿದ್ದೆ ಎಂಬುದನ್ನು ತನ್ನಷ್ಟಕ್ಕೆ ದಾಖಲಿಸುತ್ತ ಹೋಗುತ್ತದೆ. ನಕ್ಷೆಯನ್ನು ಅವರು ಇಂಟರ್‌ನೆಟ್ಟಿಗೆ ಹಾಕಿದ್ದರು. ಅದನ್ನು ನೋಡಿಕೊಂಡು ಹಾಸನದಿಂದ, ಬೆಂಗಳೂರಿನಿಂದಲೂ ಸವಾರರು ಬರತೊಡಗಿದ್ದರು.

ಗಾಯಗೊಂಡವನು ಸಂತೋಷ್, ಇಪ್ಪತ್ತಮೂರು ವರ್ಷದ ಯುವಕ, ಅರಸೀಕೆರೆಯ ಔಷಧದಂಗಡಿಯೊಂದರಲ್ಲಿ ಕೆಲಸ. ಕೊರಳೆಲುಬು ಮುರಿದಿತ್ತು, ಕತ್ತಿನ ಬುಡ ಸೀಳಿತ್ತು. ಹಳೇಬೀಡಿನಲ್ಲಿ ಪ್ರಥಮ ಚಿಕಿತ್ಸೆ ಮಾಡಿ ಹಾಸನಕ್ಕೆ ಕಳಿಸಿದ್ದರು. ತಂತಿ ಇನ್ನು ನಾಲ್ಕು ಬೆರಳು ಮೇಲಿದ್ದಿದ್ದರೆ ಹಾಸನದವರೆಗೂ ಹೋಗುತ್ತಿರಲಿಲ್ಲ ಎಂದು ವೈದ್ಯರು ಬೋರಯ್ಯನವರಿಗೆ ಫೋನಿನಲ್ಲಿ ಹೇಳಿದರು.

ಸಬ್ ಇನ್‌ಸ್ಪೆಕ್ಟರ್ ಗಂಗಾಧರಯ್ಯ ಬಂದು ದೂರನ್ನು ಎರಡು ಸಲ ಓದಿದರು. ದಾರಿಗೆ ಅಡ್ಡಗಟ್ಟಿ ತೀವ್ರ ಗಾಯ ಮಾಡಿದ್ದಕ್ಕೆ ಭಾರತ ದಂಡ ಸಂಹಿತೆಯ 341 ಮತ್ತು 326ನೇ ಕಲಮುಗಳ ಅಡಿಯಲ್ಲಿ, ಅಪರಿಚಿತ ಆರೋಪಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಜೀಪು ಹುಲಿಕೆರೆ ರಸ್ತೆ ಹಿಡಿಯಿತು. ಗಂಗಾಧರಯ್ಯ, ಬೋರಯ್ಯ, ಬೇಲೂರಿನಿಂದ ನಿಯೋಜನೆಯ ಮೇಲೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಲತಾಮಣಿ, ಜೊತೆಗೆ ಜಿಪಿಎಸ್ ಹಿಡಿದ ನಟರಾಜ್. ಚಿಕ್ಕಕೊಪ್ಪಲು ಎಂಬ ಇಪ್ಪತ್ತೈದು ಮೂವತ್ತು ಮನೆಗಳ ಊರಿನ ಹಿಂದೆ ಕೆರೆ ಏರಿ. ಏರಿಯಿಂದ ಇಳಿದ ಕಾಲುದಾರಿ ಲಂಟಾನ ಪೊದೆಗಳ ನಡುವೆ ನುಗ್ಗಿ, ಹೊಂಗೆ ಮರಗಳ ಸಾಲಿನಲ್ಲಿ ಸಾಗಿ ಆಚೆಯ ಗಾಡಿಜಾಡಿಗೆ ಸೇರುತ್ತಿತ್ತು. ನಟರಾಜನ ನಕ್ಷೆಯಲ್ಲಿ ಆ ಅರ್ಧ ಕಿಲೋಮೀಟರಿನ ಪಕ್ಕದಲ್ಲಿ 'ನಿರ್ಜನ ಹಾದಿ' ಎಂದು ಅಚ್ಚಾಗಿತ್ತು.

"ಕಾಲಿಡೋವಾಗ ನೋಡ್ಕಂಡು ಇಡಿ ಸಾರ್," ಎಂದರು ಬೋರಯ್ಯ ಮೂಗಿಗೆ ಕರವಸ್ತ್ರ ಹಿಡಿದು.

ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು. ಯಾವ ಊರಿನ ಹಿಂದೆಯೂ ಇರುವಂಥದ್ದೇ. ಅದನ್ನು ಪಂಚನಾಮೆಯಲ್ಲಿ ಬರೆಸಬೇಕೆಂದು ಯಾರಿಗೂ ತೋಚಲಿಲ್ಲ.

ತಂತಿ ಎರಡು ಹೊಂಗೆ ಮರಗಳ ನಡುವೆ ಇತ್ತು. ಒಂದು ಕಡೆ ಕಿತ್ತುಬಂದಿತ್ತು. ಮುಳ್ಳಿಲ್ಲದ ಬೇಲಿ ತಂತಿ, ನಿಂತ ಮನುಷ್ಯನ ಎದೆಯೆತ್ತರಕ್ಕೆ ಕಟ್ಟಿದ್ದು. ನಡುಮಧ್ಯದಲ್ಲಿ ಗಂಟು ಹಾಕಿದ ಕೆಂಪು ಬಟ್ಟೆಯ ತುಂಡೊಂದಿತ್ತು. ಇಬ್ಬನಿಯಲ್ಲಿ ನೆನೆದು ತಂತಿಗೇ ಅಂಟಿಕೊಂಡಿತ್ತು.

"ಬೀಳ್ಸೋನು ಬಟ್ಟೆ ಯಾಕ್ ಕಟ್ತಾನೆ ಸಾರ್?" ಎಂದರು ಬೋರಯ್ಯ.

ಗಂಗಾಧರಯ್ಯ ಬಗ್ಗಿ ಗಂಟನ್ನು ನೋಡಿದರು. ಬಟ್ಟೆಯನ್ನು ಬಿಡಿಸದೆ ತಂತಿಯ ಸಮೇತ ಜಪ್ತಿ ಮಾಡಲು ಹೇಳಿದರು. ಲತಾಮಣಿ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಸೀರೆ ಅಂಚು ಸಾರ್," ಎಂದಳು. ಹಾಗೆಂದೇ ಬರೆದರು.

ಪಂಚ ಸಾಕ್ಷಿಗಳಾಗಿ ಊರಿನ ಟೀ ಅಂಗಡಿಯ ಶಿವಯ್ಯನೂ ಇನ್ನೊಬ್ಬನೂ ಬಂದಿದ್ದರು. ನಟರಾಜ್ ಯಂತ್ರ ನೋಡಿ ಅಕ್ಷಾಂಶ ರೇಖಾಂಶಗಳನ್ನು ಓದಿದಾಗ ಬೋರಯ್ಯ ತಲೆಯೆತ್ತಿದರು.

"ಇದನ್ನೂ ಬರೀಬೇಕಾ ಸಾರ್? ಕೋರ್ಟ್‌ನೋರು ಸರ್ವೆ ನಂಬರ್ ಅಂದ್ಕಂಡು ಪಹಣಿ ತಗಂಬಾ ಅಂತಾರೆ."

"ಬರೀರಿ," ಎಂದ ಗಂಗಾಧರಯ್ಯ ಶಿವಯ್ಯನ ಕಡೆ ತಿರುಗಿದರು. "ಈ ದಾರೀಲಿ ಯಾರು ಓಡಾಡ್ತಾರೆ?"

"ಯಾರೂ ಇಲ್ಲ ಸಾರ್."

"ಯಾರೂ ಓಡಾಡ್ದೆ ಇದ್ರೆ ಹುಲ್ಲು ಬೆಳೀಬೇಕಿತ್ತಲ್ಲ?"

"ದನ ಗಿನ ಬತ್ತವೆ," ಎಂದು ಶಿವಯ್ಯ ಕೆರೆಯ ಕಡೆ ನೋಡತೊಡಗಿದ. ಪೊದೆಗಳ ಕಡೆ ಅವನು ಒಮ್ಮೆಯೂ ನೋಡಲಿಲ್ಲ.

ತಂತಿಯ ಮೂಲ ಸಿಗುವುದು ಕಷ್ಟವಾಗಲಿಲ್ಲ. ಇನ್ನೂರು ಗಜ ಆಚೆ ಚನ್ನಪ್ಪನವರ ತೆಂಗಿನ ತೋಟ. ಬೇಲಿಯಲ್ಲಿ ಒಂದು ಎಳೆ ತಂತಿ ಇರಲಿಲ್ಲ. ಇದ್ದ ಎಳೆಗಳು ಸಿಕ್ಕ ತಂತಿಯಂಥವೇ. ತಿಂಗಳ ಹಿಂದೆ ಶಿವಯ್ಯನ ಅಂಗಡಿಯ ಮುಂದೆ ಚನ್ನಪ್ಪ ಸೈಕಲ್ಲಿನವರ ಮೇಲೆ ಕೂಗಾಡಿದ್ದು ಇಡೀ ಊರಿಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಅವರನ್ನು ಠಾಣೆಗೆ ಕರೆಸಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಐವತ್ತೈದರ ಆಸುಪಾಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಈ ತಂತಿ ನಿಮ್ದೇ?"

"ನಂದೇ. ಬೇಲಿಲಿ ಸಡ್ಲ ಆಗಿತ್ತು. ಬಿಚ್ಚಿ ಸುತ್ತಿ ಹಿತ್ಲಲ್ಲಿ ಮಡಗಿದ್ದೆ."

"ಸೈಕಲ್‌ನೋರ ಜೊತೆ ಜಗಳ ಯಾಕೆ?"

"ಕೈಯಾಗೆ ಮಿಷಿನ್ನು ಹಿಡ್ಕಂಡು ತೋಟದ ಮಗ್ಗುಲಲ್ಲಿ ನಿಂತ್ಕಂಡಿದ್ರೆ ಏನಂತ ತಿಳ್ಕಳಾನ ಸ್ವಾಮಿ? ರೋಡು ಅಗ್ಲ ಮಾಡಕೆ ಸರ್ವೆ ಮಾಡ್ತಾವ್ರೆ ಅಂದ್ಕಂಡೆ. ಆಮೇಲೆ ಮೇಷ್ಟ್ರು ನಕ್ಷೆ ತೋರಿಸಿ ಹೇಳಿದ್ರು. ಬಿಟ್ಬುಟ್ಟೆ."

"ತಂತಿ ಕಟ್ಟಿದ್ದು ನೀವೇನಾ?"

"ಆ ದಾರಿಗೆ ನಾನ್ಯಾಕೆ ಹೋಗ್ಲಿ? ಆ ದಾರಿಗೆ ನಮ್ಮೂರ ಗಂಡಸ್ರು ಯಾರೂ ಹೋಗಲ್ಲ."

"ಯಾಕೆ ಹೋಗಲ್ಲ?"

"ಹೋಗಲ್ಲ ಅಷ್ಟೆ," ಎಂದರು ಚನ್ನಪ್ಪ. ಟವೆಲ್ಲಿನಿಂದ ಕತ್ತು ಒರೆಸಿಕೊಂಡರು.

ಬೋರಯ್ಯನವರಿಗೆ ಅಷ್ಟೇ ಸಾಕಾಗಿತ್ತು. "ತಂತಿ ಅವರ್ದು, ಜಗಳ ಅವರ್ದು. ಇನ್ನೇನು ಬೇಕು ಸಾರ್?" ಗಂಗಾಧರಯ್ಯನವರು ಮಾತ್ರ ಚನ್ನಪ್ಪನವರನ್ನು ಮನೆಗೆ ಕಳಿಸಿ, ಮಧ್ಯಾಹ್ನ ನಟರಾಜನನ್ನು ಲ್ಯಾಪ್‌ಟಾಪಿನೊಂದಿಗೆ ಬರಹೇಳಿದರು.

ಆ ದಾರಿಯಲ್ಲಿ ಅವರು ಹೋದ ಪ್ರತಿಯೊಂದು ಭಾನುವಾರದ ಜಾಡು ಪರದೆಯ ಮೇಲೆ ನೀಲಿ ಗೆರೆಯಾಗಿ ಬಂತು. ಗೆರೆಯ ಮೇಲೆ ಎಲ್ಲಿ ಒತ್ತಿದರೂ ಹೊತ್ತು, ವೇಗ ಕಾಣುತ್ತಿತ್ತು. ಗಂಗಾಧರಯ್ಯ ಒಂದೊಂದಾಗಿ ತೆಗೆಸಿ ನೋಡಿದರು. ಬೆಳಗಿನ ಜಾವ ಐದೂವರೆಯಿಂದ ಆರರ ಒಳಗೆ ಎಲ್ಲ ಗೆರೆಗಳೂ ಪೊದೆಗಳನ್ನು ದಾಟುತ್ತಿದ್ದವು. ಅಕ್ಟೋಬರ್ 28ರ ಗೆರೆ ಮಾತ್ರ ಹೊಂಗೆ ಮರಗಳ ಹತ್ತಿರ ಚುಕ್ಕಿಗಳ ಗುಂಪಾಗಿ ನಿಂತಿತ್ತು.

"ಇಲ್ಲಿ ನಿಂತಿದ್ದೀರಿ."

"ಹೌದಾ ಸಾರ್?" ನಟರಾಜ್ ಬಗ್ಗಿ ನೋಡಿದ. "ಹಾಂ, ಅವತ್ತು ಕೆಲವು ಹೆಂಗಸರು ಕೂಗಿದ್ರು."

"ದೂರಿನಲ್ಲಿ ಬರೆದಿಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನಿಸ್ಲಿಲ್ಲ ಸಾರ್. ಸೌದೆಗೆ ಬಂದಿರ್ಬೇಕು. ನಮ್ಮ ತಲೆ ಲೈಟು ಮುಖಕ್ಕೆ ಬಿತ್ತು. 'ದೀಪ ಆರ್ಸ್ರೋ' ಅಂತ ಕೂಗಿದ್ರು. ನಿಂತು ಕ್ಷಮೆ ಕೇಳಿದೆ."

"ಆಮೇಲೆ?"

"ಊರಿನೋರಿಗೆ ತೊಂದರೆ ಕೊಡಬಾರದು ಅಂತ ನಾವೇ ಒಂದು ನಿಯಮ ಮಾಡ್ಕೊಂಡ್ವಿ. ಅಲ್ಲಿ ದೀಪ ಆರಿಸೋದು, ಮಾತಾಡೋದು ಬೇಡ, ಬೆಲ್ ಹೊಡೆಯೋದೂ ಬೇಡ. ನಕ್ಷೆಯಲ್ಲೂ ಹಾಗೇ ಸೂಚನೆ ಹಾಕಿದೀನಿ. ಹಾಸನದೋರೂ ಪಾಲಿಸ್ತಾರೆ."

"ಕತ್ತಲಲ್ಲಿ ದಾರಿ ಕಾಣುತ್ತಾ?"

"ಕಾಣಲ್ಲ ಸಾರ್, ಅಭ್ಯಾಸ. ಏರಿಯಿಂದ ಇಳಿಜಾರು. ಸುಮ್ನೆ ಬಿಟ್ರೆ ಸಾಕು, ಸದ್ದೇ ಇಲ್ದೆ ಹೋಗುತ್ತೆ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಲತಾಮಣಿ ತಲೆಯೆತ್ತಿ ಅವನನ್ನು ನೋಡಿದಳು. 'ಸದ್ದೇ ಇಲ್ಲದೆ' ಎಂದು ಬರೆದು ಕೆಳಗೆ ಗೆರೆ ಎಳೆದಳು.

ಮಂಗಳವಾರ ಚನ್ನಪ್ಪನವರ ಮನೆಯ ಶೋಧನೆ. ತಂತಿಯ ಉಳಿದ ಸುರುಳಿ ಹಿತ್ತಿಲಿನಲ್ಲೇ ಸಿಕ್ಕಿತು. ಕತ್ತರಿಸಿದ ತುದಿಗಳು ಹೊಂದಿಕೆಯಾದವು. ಗಂಗಾಧರಯ್ಯನವರೂ ಬೋರಯ್ಯನವರೂ ಜಗಲಿಯ ಮೇಲೆ ಮಹಜರು ಬರೆಯುತ್ತಿದ್ದರು. ಎದುರಿನ ಕಂಬಕ್ಕೆ ಒರಗಿ ಚನ್ನಪ್ಪ ನಿಂತಿದ್ದರು. ತಮ್ಮನ್ನು ಕರೆದುಕೊಂಡು ಹೋಗುತ್ತಾರೆಂದು ಅವರಿಗೆ ಗೊತ್ತಾಗಿತ್ತು. ಒಮ್ಮೆ ಅಡುಗೆಮನೆಯ ಕಡೆ ನೋಡಿ ಮುಖ ತಿರುಗಿಸಿದರು.

ಹೆಂಗಸರಿದ್ದ ಕಡೆ ಲತಾಮಣಿಯನ್ನು ಕಳಿಸಿದ್ದರು. ಚನ್ನಪ್ಪನವರ ಹೆಂಡತಿ ರುಕ್ಮಿಣಮ್ಮ ರಾಗಿ ಕೇರುತ್ತಿದ್ದರು. ಒಳಕೋಣೆಯ ಮಂಚದಲ್ಲಿ ಸೊಸೆ ದ್ರಾಕ್ಷಾಯಣಿ ಮಲಗಿದ್ದಳು. ಅರಸೀಕೆರೆ ಪೇಟೆಯ ಹುಡುಗಿ, ಮದುವೆಯಾಗಿ ಏಳು ತಿಂಗಳು. ತಲೆದಿಂಬಿನ ಪಕ್ಕ ಮಾತ್ರೆಗಳು, ದೊಡ್ಡದೊಂದು ನೀರಿನ ತಂಬಿಗೆ.

ಲತಾಮಣಿ ಬೆಳಿಗ್ಗೆ ಆರಕ್ಕೆ ಬೇಲೂರಿನಿಂದ ಹೊರಟವಳು. ಈಗ ಹನ್ನೊಂದಾಗಿತ್ತು.

"ಅಮ್ಮ, ಬಚ್ಚಲು ಕಡೆ ಹೋಗ್ಬೇಕಿತ್ತು. ಎಲ್ಲಿದೆ?"

ರುಕ್ಮಿಣಮ್ಮನ ಮೊರ ನಿಂತಿತು. "ಸ್ನಾನಕ್ಕಾದ್ರೆ ಬಚ್ಚಲೈತೆ. ಅದಕ್ಕಾದ್ರೆ ಈಗೆಲ್ಲಿ ಹೋಗ್ತೀಯವ್ವ, ಇಷ್ಟೊಂದು ಬೆಳಕಾಗೈತೆ?"

"ಹಿತ್ಲಲ್ಲಿ ಒಂದು ರೂಮಿದೆಯಲ್ಲ?"

"ಅದರ ತುಂಬ ಗೊಬ್ಬರದ ಚೀಲ, ಕಾಯಿ ಮಟ್ಟೆ. ಪಂಚಾಯ್ತಿಯೋರು ಕಟ್ಕಳಿ ಅಂದ್ರು, ಕಟ್ಟಿಸಿದ್ರು. ದೇವರ ಮನೆ ಗೋಡೆಗೆ ಅಂಟ್ಕಂಡೈತೆ, ಬಳಸಂಗಿಲ್ಲ ಅಂದ್ಬುಟ್ರು ಯಜಮಾನ್ರು."

ಮಂಚದ ಮೇಲಿಂದ ದ್ರಾಕ್ಷಾಯಣಿ ನಕ್ಕಳು. ದನಿ ಸೋತಿತ್ತು. "ಮಧ್ಯಾಹ್ನದ ಮೇಲೆ ನೀರು ಕುಡೀಬೇಡಿ ಅಕ್ಕ. ನಿಮಗೂ ಅಭ್ಯಾಸ ಆಗುತ್ತೆ. ನನ್ನ ಥರ ಆಸ್ಪತ್ರೆ ಸೇರೋವರೆಗೂ."

ಲತಾಮಣಿ ಬಾಗಿಲ ಬಳಿ ನಿಂತೇ ಇದ್ದಳು. ಪೊದೆಗಳ ವಾಸನೆ, ಹುಲ್ಲು ಬೆಳೆಯದ ದಾರಿ, ಗಂಡಸರು ಹೋಗುವುದಿಲ್ಲವೆಂದ ಚನ್ನಪ್ಪ, ಸದ್ದಿಲ್ಲದೆ ಇಳಿಯುವ ಸೈಕಲ್ಲು. ತಾನೂ ಅಂಥದೇ ಊರಿನಲ್ಲಿ ಹುಟ್ಟಿ, ಚೊಂಬು ಹಿಡಿದು ಅವ್ವನ ಹಿಂದೆ ನಡೆದು ಬೆಳೆದವಳು. ಭಾನುವಾರ ಅದೇ ದಾರಿಯಲ್ಲಿ ನಿಂತು ಅಳತೆ ಬರೆದಿದ್ದಳು.

ಅವಳು ಹೋಗಿ ರುಕ್ಮಿಣಮ್ಮನ ಎದುರು ನೆಲದ ಮೇಲೆ ಕೂತಳು.

"ಕೆಂಪು ಬಟ್ಟೆ ಯಾಕಮ್ಮ ಕಟ್ಟಿದ್ರಿ?"

ರುಕ್ಮಿಣಮ್ಮ ರಾಗಿಯಲ್ಲಿ ಬೆರಳಾಡಿಸಿದರು.

"ಕಾಣ್ಲಿ ಅಂತ."

"ಅತ್ತೇ," ಎಂದು ದ್ರಾಕ್ಷಾಯಣಿ ಎದ್ದು ಕೂತಳು.

"ಸುಮ್ಕಿರು ಕಣೇ. ಗೊತ್ತಾಗೈತೆ ಈ ಯಮ್ಮಂಗೆ." ಅವರ ದನಿ ಏರಲಿಲ್ಲ. "ನಮ್ಮೂರ ಗಂಡಸ್ರು ಹೊತ್ತು ಹುಟ್ಟೋ ಮುಂಚೆ ಅತ್ಲಾಗೆ ಬರಲ್ಲ. ಬರಲೇಬೇಕಾದ್ರೆ ದೂರದಿಂದ್ಲೇ ಕೆಮ್ತಾರೆ, ನಾವು ಎದ್ದು ನಿಂತ್ಕತ್ತೀವಿ. ಈ ಸೈಕಲ್‌ನೋರು ಬಂದಾಗಿಂದ ಅದೊಂದು ಹೋಯ್ತು. ದೀಪ ಇದ್ದಾಗ ಪರವಾಗಿರ್ಲಿಲ್ಲ, ಏರಿ ಮೇಲೆ ಬರೋವಾಗ್ಲೇ ಕಾಣೋದು. ಒಂದಿನ ಸೀದಾ ಮೈಮೇಲೆ ಬಿತ್ತು. ಎಲ್ರೂ ಕೂಗಿದ್ವಿ. ಬರಬೇಡಿ ಅಂತ ಕಣವ್ವ ಕೂಗಿದ್ದು. ಅವ್ರು ಬರೋದು ಬಿಡ್ಲಿಲ್ಲ, ದೀಪ ಬಿಟ್ರು."

"ಆಮೇಲೆ ಯಾವಾಗ ಬರ್ತಾರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ ಅಕ್ಕ," ಎಂದಳು ದ್ರಾಕ್ಷಾಯಣಿ. "ಭಾನುವಾರ ಮಾತ್ರ ಅಲ್ಲ. ಒಂದಿನ ಸೈಕಲ್ಲು ಈ ಗೋಡೆಯಷ್ಟು ಹತ್ತಿರ ಹೋಯ್ತು. ಗಾಳಿ ಬಡೀತು, ಅಷ್ಟೆ. ಅವನು ನೋಡಿದ್ನೋ ಇಲ್ವೋ. ನೋಡಿಲ್ಲ ಅಂತ್ಲೇ ಅಂದ್ಕೊಳ್ತೀನಿ."

ಅಂದಿನಿಂದ ಅವಳು ಆ ಕಡೆ ಹೋಗಲು ಹೆದರಿ ನೀರು ಬಿಟ್ಟಳು, ರಾತ್ರಿಯೂಟ ಬಿಟ್ಟಳು. ಮೂತ್ರದ ಸೋಂಕು ಏರಿ ಜ್ವರ ಬಂದು, ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದ್ದಳು. ಮನೆಗೆ ಬಂದ ದಿನವೇ ಅತ್ತೆ ಹಿತ್ತಿಲಿನ ತಂತಿಯನ್ನು ಕುಡುಗೋಲಿನಿಂದ ಕಡಿದರು.

"ನಡ್ಕಂಡು ಬರೋರಂಗೆ ಇವ್ರೂ ಕೆಂಪು ನೋಡಿ ವಾಪಸ್ ಹೋಗ್ತಾರೆ ಅಂದ್ಕಂಡೆ," ಎಂದರು ರುಕ್ಮಿಣಮ್ಮ. "ಅದು ಅಷ್ಟು ರಭಸದಾಗೆ ಬತ್ತದೆ ಅಂತ ನಂಗೆಲ್ಲಿ ಗೊತ್ತು? ದೀಪ ಇದ್ದಿದ್ರೆ ಕಾಣೋದು. ದೀಪ ಆರ್ಸಿ ಅಂದೋರು ನಾವೇ. ಆ ಹುಡುಗ ಬದುಕವ್ನಾ?"

"ಬದುಕಿದ್ದಾನೆ. ಆರು ತಿಂಗಳು ಕೈ ಎತ್ತಂಗಿಲ್ಲ ಅಂದಿದ್ದಾರೆ."

ರುಕ್ಮಿಣಮ್ಮ ಮೊರವನ್ನು ಪಕ್ಕಕ್ಕಿಟ್ಟರು. "ನಮ್ಮ ಯಜಮಾನ್ರನ್ನ ಬಿಟ್ಬುಡಿ. ನಾನೇ ಬತ್ತೀನಿ. ಆದ್ರೆ ಯಾತಕ್ಕೆ ಮಾಡ್ದೆ ಅಂತ ಮಾತ್ರ ಬರೀಬೇಡ್ರವ್ವ. ಊರ ಹೆಣ್ಮಕ್ಕಳ ಮರ್ವಾದೆ."

ಲತಾಮಣಿ ಹೊರಗೆ ಬಂದು ಗಂಗಾಧರಯ್ಯನವರನ್ನು ತೆಂಗಿನ ಮರದ ಬಳಿಗೆ ಕರೆದು ಹೇಳಿದಳು. ಅವರು ಕೇಳುತ್ತ ಹೋದಂತೆ ನೆಲ ನೋಡಿದರು.

"ಒಂದು ಮಾತು ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ," ಎಂದರು ಕೊನೆಗೆ.

"ಯಾರಿಗೆ ಸಾರ್?"

ಗಂಗಾಧರಯ್ಯ ಜಗಲಿಗೆ ಹೋಗಿ, ರುಕ್ಮಿಣಮ್ಮನನ್ನು ಕರೆಸಿ, ತಾವೂ ನಿಂತುಕೊಂಡೇ ಮಾತನಾಡಿದರು.

"ನೋಡಿ ಅಮ್ಮ. ಬೇಕಂತ ಗಾಯ ಮಾಡಿದ್ದು ಅಂತಾದ್ರೆ 326. ಜೈಲು, ಬೇಗ ಜಾಮೀನೂ ಆಗಲ್ಲ. ಎಚ್ಚರಿಕೆಗೆ ಅಂತ ಕಟ್ಟಿದ್ದು, ಯೋಚನೆ ಇಲ್ದೆ ಅಪಾಯ ಆಯ್ತು ಅಂತಾದ್ರೆ 338. ಅದಕ್ಕೆ ಜಾಮೀನು ಸಿಗುತ್ತೆ. ಬಟ್ಟೆ ಕಟ್ಟಿದ್ದು ನಿಮ್ಮ ಕಡೆ ಇದೆ. ಆದ್ರೆ ಯಾತರ ಎಚ್ಚರಿಕೆ ಅಂತ ಹೇಳ್ದೆ ಇದ್ರೆ ಬಟ್ಟೆಗೂ ಅರ್ಥ ಇಲ್ಲ. ಪೊಲೀಸರ ಮುಂದೆ ಹೇಳಿದ್ದು ಕೋರ್ಟಲ್ಲಿ ನಿಲ್ಲಲ್ಲ. ಬೇಲೂರಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ನೀವೇ ನಿಮ್ಮ ಬಾಯಲ್ಲಿ ಹೇಳ್ಬೇಕು. ಅಲ್ಲಿ ಗಂಡಸರು ತುಂಬಿರ್ತಾರೆ."

ಕಂಬದ ಬಳಿ ಚನ್ನಪ್ಪ ಕೇಳಿಸಿಕೊಳ್ಳುತ್ತಿದ್ದರು. "ಏನ್ ಹೇಳದು ಸ್ವಾಮಿ? ಏನು ವಿಷ್ಯ?" ಎಂದರು. ಹೆಂಡತಿ ಅವರ ಮುಖವನ್ನೇ ನೋಡಿದರು. ಚನ್ನಪ್ಪ ನಿಧಾನವಾಗಿ ಕಂಬ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಅವರಿಗೆ ಗೊತ್ತಿರಲಿಲ್ಲವೆಂದು ಹೇಳುವಂತಿರಲಿಲ್ಲ, ಕೇಳಿರಲಿಲ್ಲ ಅಷ್ಟೇ.

ಮಧ್ಯಾಹ್ನ ಹನ್ನೆರಡೂವರೆಗೆ ರುಕ್ಮಿಣಮ್ಮನ ದಸ್ತಗಿರಿಯಾಯಿತು. ದ್ರಾಕ್ಷಾಯಣಿಯ ಹೇಳಿಕೆಯನ್ನು ಲತಾಮಣಿ ಮಂಚದ ಪಕ್ಕದಲ್ಲಿ ಕೂತು ಬರೆದುಕೊಂಡಳು. ಹುಡುಗಿ ಒಂದು ಪದವನ್ನೂ ತಿದ್ದಿಸಲಿಲ್ಲ. ನೆರೆಮನೆಯ ದೇವೀರಮ್ಮ ಹಿತ್ತಿಲ ಬಾಗಿಲಿನಿಂದ ಬಂದು, "ನಂದೂ ಬರ್ಕಳವ್ವ, ನಾನೂ ಅಲ್ಲೇ ಇದ್ದೆ. ಹೆಬ್ಬೆಟ್ಟು ಒತ್ತಬೋದಾ?" ಎಂದಳು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಗಂಗಾಧರಯ್ಯ ಎರಡು ಸಾಲು ಬರೆದು, ಹೊಡೆದು, ಮತ್ತೆ ಒಂದೇ ಸಾಲು ಬರೆದರು: 'ಆ ಜಾಗವು ನಿರ್ಜನವಾಗಿರಲಿಲ್ಲ.'

ಸುದ್ದಿ ತಿಳಿಸಲು ನಟರಾಜನಿಗೆ ಫೋನ್ ಮಾಡಿದಾಗ ಅವನು ಹಾಸನದಲ್ಲಿ ಸಂತೋಷನ ಹಾಸಿಗೆಯ ಬಳಿ ಇದ್ದ. ಪೂರ್ತಿ ಕೇಳಿ, "ನಾವು ಒಳ್ಳೇದಕ್ಕೇ ಮಾಡಿದ್ದು ಸಾರ್," ಎಂದ.

ಬೇಲೂರು ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ದಾರಿಯುದ್ದಕ್ಕೂ ರುಕ್ಮಿಣಮ್ಮ ಸೆರಗನ್ನು ಬಿಗಿಯಾಗಿ ಹೊದ್ದು, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಕೋರ್ಟಿನ ತಿರುವಿಗೆ ಮೊದಲು ಲತಾಮಣಿ ಜೀಪನ್ನು ಬಸ್ ನಿಲ್ದಾಣಕ್ಕೆ ತಿರುಗಿಸಲು ಹೇಳಿದಳು. ಗಂಗಾಧರಯ್ಯ ತಲೆಯಾಡಿಸಿದರು.

ಹೆಂಗಸರ ಶೌಚಾಲಯದ ಬಾಗಿಲವರೆಗೆ ಲತಾಮಣಿ ಜೊತೆಗೆ ಹೋದಳು. ದಸ್ತಗಿರಿಯಾದವರು ಒಳಗಿನಿಂದ ಬಾಗಿಲು ಹಾಕಿಕೊಳ್ಳುವಂತಿಲ್ಲ. ತರಬೇತಿಯ ಮೊದಲ ವಾರ ಕಲಿಸಿದ ಪಾಠ. ರುಕ್ಮಿಣಮ್ಮನಿಗೂ ಯಾರೋ ಹೇಳಿದ್ದರೇನೋ. ಬಾಗಿಲನ್ನು ಒಂದು ಗೇಣು ಸರಿಸಿಟ್ಟು ಅಲ್ಲೇ ನಿಂತರು.

"ನೀನಿಲ್ಲೇ ಇರ್ತೀಯಾ?"

"ಇಲ್ಲೇ ಇರ್ತೀನಿ. ಚಿಲಕ ಹಾಕ್ಕೊಳ್ಳಿ ಅಮ್ಮ."

ರುಕ್ಮಿಣಮ್ಮ ಅವಳನ್ನು ನೋಡಿದರು. "ಸಾಹೇಬರ ಮುಂದೆ ಹೇಳ್ತೀನಿ ಕಣವ್ವ," ಎಂದರು.

ಲತಾಮಣಿ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ನಿಲ್ದಾಣದ ತುಂಬ ಜನ. ಚಿಕ್ಕಮಗಳೂರು ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅದರ ನಡುವೆ, ಅವಳ ಹಿಂದೆ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.